ಶನಿವಾರದ ಕ್ಲಬ್ಬು

ಕ್ಲಬ್ಬು ಎಂದರೆ ನಮ್ಮ ಹಾಸನದಲ್ಲಿ ಎರಡೇ ಬಗೆ. ಒಂದು, ಗಂಡಸರು ಸಂಜೆ ಹೋಗಿ ಇಸ್ಪೀಟು ಆಡಿ, ರಾತ್ರಿ ಊಟಕ್ಕೆ ತಡವಾಗಿ ಬಂದು ಮನೆಯಲ್ಲಿ ಬೈಸಿಕೊಳ್ಳುವುದಕ್ಕೆಂದೇ ಇರುವ ಜಾಗ. ಇನ್ನೊಂದು, ನಾವು ಹೆಂಗಸರು ತಿಂಗಳಿಗೊಮ್ಮೆ ಸೇರಿ ರಂಗೋಲಿ ಸ್ಪರ್ಧೆ, ಅಂತ್ಯಾಕ್ಷರಿ, ಯಾರ ಮನೆಯ ಕೋಡುಬಳೆ ಯಾಕೆ ಮೆತ್ತಗಾಯಿತು ಎಂಬ ವಿಚಾರಸಂಕಿರಣ ಇತ್ಯಾದಿಗಳನ್ನು ನಡೆಸುವ ಮಹಿಳಾ ಸಮಾಜ. ಹೀಗಿರುವಾಗ ಹೆಬ್ಬಾಳದ ಹಾಸ್ಟೆಲಿನಿಂದ ಮಗಳು ಫೋನು ಮಾಡಿ, "ಅಮ್ಮಾ, ಈ ಶನಿವಾರ ಊರಿಗೆ ಬರಲ್ಲ, ಕ್ಲಬ್ ಇದೆ" ಎಂದಾಗ ನನ್ನ ಎದೆ ಧಸಕ್ಕೆಂದಿತು.

"ಏನು ಕ್ಲಬ್ಬೇ ಅದು?"

"ಪೆಥಾಲಜಿ ಕ್ಲಬ್ಬು."

"ಅಲ್ಲೇನು ಮಾಡ್ತೀರಿ?"

"ಸತ್ತ ದನ, ಕುರಿ, ಕೋಳಿ ಎಲ್ಲಾ ಯಾಕೆ ಸತ್ತವು ಅಂತ ನೋಡ್ತೀವಿ."

ಇದರ ಬದಲು ಇಸ್ಪೀಟೇ ಆಗಬಹುದಿತ್ತು ಅನ್ನಿಸಿತು ನನಗೆ.

ಅವಳು ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಸೇರಿದ್ದು 2008ರಲ್ಲಿ. ಅದು 1958ರಲ್ಲಿ ಶುರುವಾದ ಕಾಲೇಜು, ಅವಳು ಸೇರಿದ ವರ್ಷ ಅದಕ್ಕೆ ಸರಿಯಾಗಿ ಐವತ್ತು. ನೆಂಟರಿಷ್ಟರಲ್ಲಿ ಕೆಲವರು "ಡಾಕ್ಟರೇನು?" ಎಂದು ಕೇಳಿ, "ದನದ ಡಾಕ್ಟರು" ಎಂದ ಕೂಡಲೇ "ಓ, ಹಾಗಾ" ಎನ್ನುತ್ತಿದ್ದರು. ಆ 'ಹಾಗಾ'ದಲ್ಲಿ ಎಷ್ಟು ಅರ್ಥ ಇರುತ್ತದೆಂದು ಹೆಣ್ಣುಮಕ್ಕಳ ತಾಯಂದಿರಿಗೆ ಬೇರೆ ಹೇಳಬೇಕಾಗಿಲ್ಲ. ಅದಕ್ಕೂ ಹೇಗೋ ಒಗ್ಗಿಕೊಂಡಿದ್ದೆವು. ದನಕ್ಕೆ ಇಂಜೆಕ್ಷನ್ ಕೊಡುವುದು, ನಾಯಿಗೆ ಪಟ್ಟಿ ಕಟ್ಟುವುದು, ಇವೆಲ್ಲ ಪುಣ್ಯದ ಕೆಲಸ ಎಂದು ಅತ್ತೆಯವರೂ ಒಪ್ಪಿದ್ದರು. ಆದರೆ ಸತ್ತದ್ದನ್ನು ಕೊಯ್ಯುವುದು? ಅದೂ ಹಸುವನ್ನು? ಅತ್ತೆಯವರ ಮುಂದೆ ಆ ಕ್ಲಬ್ಬಿನ ಸುದ್ದಿ ಎತ್ತಬಾರದೆಂದು ನಾನೂ ಮಗಳೂ ಒಪ್ಪಂದ ಮಾಡಿಕೊಂಡೆವು. ಫಾರ್ಮಾಲಿನ್ನಿನ ವಾಸನೆ ಒಪ್ಪಂದಕ್ಕೆ ಬಗ್ಗುವಂಥದ್ದಲ್ಲ ಎನ್ನುವುದು ಬೇರೆ ಮಾತು. ಅವಳು ರಜೆಗೆ ಬಂದು ಚೀಲ ಬಿಚ್ಚಿದರೆ ಸಾಕು, ಅದು ಬಚ್ಚಲಿನಿಂದ ದೇವರ ಮನೆಯ ತನಕ ನಡೆದು ಹೋಗುತ್ತಿತ್ತು.

ಕ್ಲಬ್ಬು ಎಂದರೆ ಬೋರ್ಡು, ಅಧ್ಯಕ್ಷರು, ಕಾರ್ಯದರ್ಶಿ ಏನೂ ಇರಲಿಲ್ಲವಂತೆ. ಹತ್ತು ಹನ್ನೆರಡು ಹುಡುಗ ಹುಡುಗಿಯರು, ಪಾಠ ಮುಗಿದ ಮೇಲೂ ಮನೆಗೆ ಹೋಗಲು ಅವಸರವಿಲ್ಲದ ಒಬ್ಬ ಮೇಷ್ಟರು, ನಾಲ್ಕು ಸೂಕ್ಷ್ಮದರ್ಶಕ, ಮೇಷ್ಟರು ವರ್ಷಗಟ್ಟಲೆ ಕೂಡಿಟ್ಟ ಗಾಜಿನ ಸ್ಲೈಡುಗಳ ಪೆಟ್ಟಿಗೆ, ಇಷ್ಟೇ ಬಂಡವಾಳ. ಶನಿವಾರ ಮಧ್ಯಾಹ್ನ ಸೇರುವುದು. ಯಾರಾದರೂ ಒಬ್ಬರು ಒಂದು 'ಕೇಸು' ತರಬೇಕು. ಆ ವಾರ ಶವಪರೀಕ್ಷೆಗೆ ಬಂದದ್ದೋ, ಹಳೆಯ ಸ್ಲೈಡೋ, ಗಾಜಿನ ಭರಣಿಯಲ್ಲಿ ಇಟ್ಟ ಯಾವುದಾದರೂ ಅಂಗವೋ. ಉಳಿದವರು ಅದನ್ನು ನೋಡಿ ಹೇಳಬೇಕು.

ಏನನ್ನು ಹೇಳಬೇಕು ಎನ್ನುವುದರಲ್ಲೇ ಇತ್ತು ಅವರ ಆಟದ ಮುಖ್ಯ ಕಟ್ಟಳೆ. ರೋಗದ ಹೆಸರನ್ನು ಮೊದಲು ಹೇಳುವಂತಿಲ್ಲ. ಕಂಡದ್ದನ್ನು ಮಾತ್ರ ಹೇಳಬೇಕು. ಯಾವ ಜಾಗ, ಎಷ್ಟು ದೊಡ್ಡದು, ಯಾವ ಬಣ್ಣ, ಯಾವ ಆಕಾರ, ಮುಟ್ಟಿದರೆ ಗಟ್ಟಿಯೋ ಮೆತ್ತಗೋ, ಕೊಯ್ದರೆ ಒಳಗೆ ಏನಿದೆ, ಅಂಚು ನುಣುಪಾಗಿದೆಯೋ ಒರಟೋ. ಇಷ್ಟನ್ನೂ ಹೇಳಿ ಮುಗಿಸುವ ಮೊದಲೇ ಯಾರಾದರೂ ಬಾಯಿ ತಡೆಯದೆ "ಸಾರ್, ಇದು ಟೀಬಿ!" ಎಂದು ಕೂಗಿದರೆ ಐದು ರೂಪಾಯಿ ದಂಡ. ದಂಡದ ದುಡ್ಡು ಟೀಗೆ. ನನ್ನ ಮಗಳು ಮೊದಲ ವರ್ಷ ಎಷ್ಟೋ ಜನಕ್ಕೆ ಟೀ ಕುಡಿಸಿದಳು. ಅವಸರದ ಸ್ವಭಾವ, ಅವರಪ್ಪನದು.

ಹೈಸ್ಕೂಲಿನಲ್ಲಿ ಕನ್ನಡ ಮೇಡಮ್ಮಾಗಿ ಮೂವತ್ತು ವರ್ಷ ದುಡಿದ ನನಗೆ ಈ ಕಟ್ಟಳೆ ಬಹಳ ಹಿಡಿಸಿತು. "ನೀವು ನೋಡಿದ ಜಾತ್ರೆಯನ್ನು ವರ್ಣಿಸಿರಿ" ಎಂದರೆ ಮಕ್ಕಳು "ಜಾತ್ರೆಯು ಬಹಳ ಸುಂದರವಾಗಿತ್ತು, ನಮಗೆ ಬಹಳ ಸಂತೋಷವಾಯಿತು" ಎಂದು ಬರೆದು ಪೆನ್ನು ಮುಚ್ಚಿಬಿಡುತ್ತವೆ. ಬೆಂಡು ಬತ್ತಾಸಿನ ಅಂಗಡಿ ಎಲ್ಲಿತ್ತು, ತೇರಿನ ಹಗ್ಗ ಎಷ್ಟು ದಪ್ಪ ಇತ್ತು, ಒಂದೂ ಇಲ್ಲ. ಆ ಕ್ಲಬ್ಬಿನ ಮೇಷ್ಟರನ್ನು ನಮ್ಮ ಸ್ಕೂಲಿಗೆ ಕರೆತರಬೇಕು ಎಂದು ಎಷ್ಟೋ ಸಲ ಅಂದುಕೊಂಡದ್ದುಂಟು.

ಇನ್ನೊಂದು ಸಂಗತಿ ಕೇಳಿ ನಗು ಬಂತು. ಈ ರೋಗಶಾಸ್ತ್ರದವರು ಇಷ್ಟೆಲ್ಲಾ ವರ್ಣನೆ ಮಾಡುವುದಕ್ಕೆ ಮಾತು ಸಾಲದೆ ಕೊನೆಗೆ ಬಂದದ್ದು ನಮ್ಮ ಅಡುಗೆಮನೆಗೇ! ರಕ್ತ ನಿಂತು ಕೆಟ್ಟ ಪಿತ್ತಜನಕಾಂಗವನ್ನು ಕೊಯ್ದರೆ ಕೆಂಪು ಹಳದಿ ಚಿತ್ತಾರ ಕಾಣುತ್ತದಂತೆ, ಅದಕ್ಕೆ ಹೆಸರು 'ಜಾಯಿಕಾಯಿ ಲಿವರ್'. ಜಾಯಿಕಾಯಿಯನ್ನು ಅಡ್ಡಲಾಗಿ ಕೊಯ್ದು ನೋಡಿ, ಥೇಟ್ ಹಾಗೇ. ಗುಲ್ಮದಲ್ಲಿ ಒಂದು ಬಗೆಯ ಕೇಡಿಗೆ 'ಸಬ್ಬಕ್ಕಿ' ಎಂದು ಹೆಸರು, ನೆನೆಸಿದ ಸಬ್ಬಕ್ಕಿಯ ಕಾಳಿನ ಹಾಗೆ ಚುಕ್ಕೆ ಚುಕ್ಕೆ. ಕ್ಷಯದ ಗಂಟಿನೊಳಗಿನ ಪದಾರ್ಥಕ್ಕೆ ಗಿಣ್ಣದ ಹೋಲಿಕೆ. ಇನ್ನು ಹೃದಯದ ಸುತ್ತ ಇರುವ ಚೀಲದಲ್ಲಿ ಉರಿಯೂತವಾಗಿ ಅಂಟು ಅಂಟಾದರೆ 'ಬ್ರೆಡ್ ಅಂಡ್ ಬಟರ್'. ಬೆಣ್ಣೆ ಹಚ್ಚಿದ ಎರಡು ಬ್ರೆಡ್ಡಿನ ಚೂರನ್ನು ಒಂದರ ಮೇಲೊಂದು ಒತ್ತಿ, ಆಮೇಲೆ ಬಿಡಿಸಿದರೆ ಮೇಲ್ಮೈ ಹೇಗೆ ಒರಟೊರಟಾಗಿ ಏಳುತ್ತದೋ ಹಾಗೆ. ಇವನ್ನೆಲ್ಲ ಹೆಸರಿಟ್ಟವರು ಗಂಡಸರೇ ಇದ್ದಿರಬೇಕು, ಆದರೆ ಮನೆಯಲ್ಲಿ ಆಗಾಗ ಅಡುಗೆಮನೆಗೆ ಇಣುಕುವ ಗಂಡಸರು.

ಒಂದು ಶನಿವಾರ ನಾನೇ ಹೋದೆ. ಚಕ್ಕುಲಿ, ಚಟ್ನಿಪುಡಿ ಕೊಟ್ಟು ಬರುವ ನೆಪ. ಮಗಳು "ಬಾ, ಹೆದರಬೇಡ" ಎಂದು ಕೈಹಿಡಿದು ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಲು ಹೋಗಿ ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಕಂಡದ್ದು ಒಂದು ಸೀರೆ. ನಿಜ ಹೇಳುತ್ತೇನೆ, ಗುಲಾಬಿ ಒಡಲಿಗೆ ನೇರಳೆ ಬುಟ್ಟಾ ಇಟ್ಟ ಹಾಗೆ. ಜೀವಕಣದ ನಡುವಿನ ಬೀಜ ನೇರಳೆ, ಮಿಕ್ಕದ್ದೆಲ್ಲ ಗುಲಾಬಿ. ಆ ನೇರಳೆ ಬಣ್ಣ ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ತೆಗೆದದ್ದಂತೆ, ಹಿಂದೆ ಅದರಲ್ಲಿ ಬಟ್ಟೆಗೂ ಬಣ್ಣ ಹಾಕುತ್ತಿದ್ದರಂತೆ. ಹಾಗಾದರೆ ನನ್ನ ಸೀರೆಯ ಹೋಲಿಕೆ ತೀರಾ ಅಡ್ಡಾದಿಡ್ಡಿಯದಲ್ಲ! ಅಂಗದ ಚೂರನ್ನು ಫಾರ್ಮಾಲಿನ್ನಿನಲ್ಲಿ ನೆನೆಹಾಕಿ, ಮದ್ಯಸಾರದಲ್ಲಿ ನೀರಿನಂಶ ತೆಗೆದು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಹೆರೆಯುತ್ತಾರೆ. ನಮ್ಮ ತಲೆಗೂದಲು ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ದಪ್ಪ. ನೀರುದೋಸೆಯನ್ನು ಕಾವಲಿಯ ಮೇಲೆ ತೆಳ್ಳಗೆ ಹೊಯ್ದೆನೆಂದು ಬೀಗುವ ನಾನು ತೆಪ್ಪಗಾದೆ.

ಆ ದಿನದ ಕೇಸು ಮಾತ್ರ ಇಷ್ಟು ಚೆಂದದ್ದಲ್ಲ. ಪೇಟೆ ಬೀದಿಯಲ್ಲಿ ಅಲೆದು ಸತ್ತ ಒಂದು ಹಸು. ಅದರ ದೊಡ್ಡ ಹೊಟ್ಟೆಯಿಂದ ತೆಗೆದು ತೊಳೆದದ್ದನ್ನು ಅಗಲವಾದ ತಟ್ಟೆಯಲ್ಲಿ ಹರಡಿದ್ದರು. ಹಾಲಿನ ಕವರು, ಹೂವಿನಂಗಡಿಯ ತೆಳು ಚೀಲ, ಹಗ್ಗ, ಚಪ್ಪಲಿಯ ಪಟ್ಟಿ, ಎಲ್ಲ ಹೊಸೆದು ಹೊಸೆದು ಒಂದೇ ಉಂಡೆಯಾಗಿತ್ತು. ಪಕ್ಕದಲ್ಲಿ ಒಂದು ಸಣ್ಣ ಬಟ್ಟಲಲ್ಲಿ ಬೇರೆಯಾಗಿ ಇಟ್ಟದ್ದು: ಎರಡು ಮೊಳೆ, ಒಂದು ತಂತಿಯ ತುಂಡು, ಹೆಂಗಸರು ತಲೆಗೆ ಸಿಕ್ಕಿಸುವ ಒಂದು ಪಿನ್ನು. ಆ ಪಿನ್ನು ನೋಡಿ ನನ್ನ ಕೈ ತಾನೇ ತಾನಾಗಿ ತುರುಬಿಗೆ ಹೋಯಿತು.

ಮಗಳು ವಿವರಿಸಿದಳು. ಹಸು ನಮ್ಮ ಹಾಗೆ ತುತ್ತು ತುತ್ತಾಗಿ ಆರಿಸಿ ತಿನ್ನುವುದಿಲ್ಲ. ನಾಲಿಗೆಯಿಂದ ಸುತ್ತಿ ಎಳೆದು ನುಂಗುತ್ತದೆ, ಅಗಿಯುವುದು ಆಮೇಲೆ, ಮೆಲುಕು ಹಾಕುವಾಗ. ಪ್ಲಾಸ್ಟಿಕ್ಕು ಮೊದಲನೆಯ ದೊಡ್ಡ ಹೊಟ್ಟೆಯಲ್ಲಿ ಉಳಿದುಬಿಡುತ್ತದೆ, ಮುಂದಕ್ಕೂ ಹೋಗದು ಹಿಂದಕ್ಕೂ ಬಾರದು. ನೋಡಿದವರಿಗೆ ಹೊಟ್ಟೆ ತುಂಬಿದ ಹಸು, ಒಳಗೆ ಮೇವಿಗೆ ಜಾಗವಿಲ್ಲದೆ ಉಪವಾಸ. ನಾವು ಅನ್ನ, ತರಕಾರಿ ಸಿಪ್ಪೆ ಚೆಲ್ಲಬಾರದು, ದನ ತಿನ್ನಲಿ ಎಂದು ಕವರಿಗೆ ಹಾಕಿ ಗಂಟು ಕಟ್ಟಿ ಎಸೆಯುತ್ತೇವಲ್ಲ, ಆ ಗಂಟನ್ನು ಬಿಚ್ಚಲು ಹಸುವಿಗೆ ಕೈ ಎಲ್ಲಿದೆ?

ಮೊಳೆ ತಂತಿಗಳ ದಾರಿಯೇ ಬೇರೆ. ಅವು ಭಾರ. ಎರಡನೆಯ ಹೊಟ್ಟೆಗೆ ಬಂದು ಕೂರುತ್ತವೆ. ಅದರ ಒಳಮೈ ಜೇನುಗೂಡಿನ ಹಾಗೆ ಕೋಣೆ ಕೋಣೆ. ಆ ಹೊಟ್ಟೆ ಹಿಂಡಿದಂತೆ ಕುಗ್ಗಿದಾಗಲೆಲ್ಲ ತಂತಿಯ ಮೊನೆ ಗೋಡೆಗೆ ಚುಚ್ಚುತ್ತದೆ. ಅದರ ಮುಂದೆ ವಪೆ, ವಪೆಯ ಆಚೆ ಕೆಲವೇ ಅಂಗುಲದಲ್ಲಿ ಹೃದಯ. ಹಸು ಗಬ್ಬವಾಗಿ ದಿನ ತುಂಬಿದಾಗ, ಕರು ಹಾಕುವಾಗ ಮುಕ್ಕುವ ಒತ್ತಡಕ್ಕೆ ತಂತಿ ಇನ್ನಷ್ಟು ಮುಂದೆ ಸರಿಯುವುದುಂಟು. ಈ ಕಾಟಕ್ಕೆ ಹಸುವಿನ ಹೊಟ್ಟೆಗೇ ಒಂದು ಅಯಸ್ಕಾಂತ ನುಂಗಿಸಿ ಇಡುವ ಉಪಾಯವೂ ಉಂಟಂತೆ, ಲೋಹದ್ದೆಲ್ಲ ಅದಕ್ಕೇ ಹೋಗಿ ಅಂಟಿಕೊಳ್ಳಲಿ ಎಂದು. ಕೇಳಲು ಮಕ್ಕಳ ಕತೆಯ ಹಾಗಿದೆ, ಆದರೆ ನಿಜ.

ಇಷ್ಟೆಲ್ಲ ಕೇಳಿಯೂ ತಾಯಿಯ ಜೀವಕ್ಕೆ ಇದ್ದ ಚಿಂತೆ ಬೇರೆ. "ನಿನಗೆ ಏನಾದರೂ ಅಂಟಿಕೊಂಡರೆ?" ಎಂದೆ. ಎಲ್ಲ ಹೆಣವನ್ನೂ ಕೊಯ್ಯುವುದಿಲ್ಲ ಎಂದು ಮೇಷ್ಟರೇ ಸಮಾಧಾನ ಹೇಳಿದರು. ದಿಢೀರನೆ ಸತ್ತು, ಮೂಗು ಬಾಯಿಯಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ಇರಬಹುದು. ಅಂಥದ್ದಕ್ಕೆ ಕತ್ತಿ ಮುಟ್ಟಿಸುವುದೇ ಇಲ್ಲ. ಕಿವಿಯಿಂದ ಒಂದು ಹನಿ ರಕ್ತ ಗಾಜಿಗೆ ಸವರಿ ನೋಡುವುದು. ಹೌದೆಂದಾದರೆ ಹಾಗೆಯೇ ಆಳದ ಗುಂಡಿಗೆ. ಕೊಯ್ದು ಗಾಳಿಗೆ ತೆರೆದರೆ ಆ ರೋಗದ ಬೀಜ ಮಣ್ಣಿಗೆ ಸೇರಿ ಹತ್ತಾರು ವರ್ಷ ಕಾದು ಕೂರುತ್ತದೆ. "ಯಾವುದನ್ನು ಕೊಯ್ಯಬಾರದು ಅನ್ನೋದೇ ಮೊದಲ ಪಾಠ ಮೇಡಂ" ಎಂದರು. ನಾನು ತಂದ ಚಕ್ಕುಲಿಯನ್ನು ಅವರೂ ತಿಂದರು, ಕೈ ತೊಳೆದುಕೊಂಡೇ ತಿಂದರು, ಗಮನಿಸಿದೆ.

ಮಗಳಿಗೆ ಈ ಹುಚ್ಚು ಹಿಡಿಸಿದ್ದು ಕ್ಲಬ್ಬಿನಲ್ಲಿ ಸೀನಿಯರ್ ಹುಡುಗಿಯೊಬ್ಬಳು ಹೇಳಿದ ಅಮೆರಿಕದ ಒಂದು ಪ್ರಸಂಗ. 1999ರ ಬೇಸಿಗೆ ಕೊನೆಗೆ ನ್ಯೂಯಾರ್ಕಿನಲ್ಲಿ ಜನಕ್ಕೆ ಮೆದುಳು ಜ್ವರ ಬಂತು. ಅಲ್ಲಿನ ದೊಡ್ಡ ಆರೋಗ್ಯ ಇಲಾಖೆಯವರು ಇದು ಸೇಂಟ್ ಲೂಯಿ ಜ್ವರ ಎಂದು ತೀರ್ಮಾನ ಕೊಟ್ಟರು. ಅದೇ ಹೊತ್ತಿಗೆ ಊರ ಕಾಗೆಗಳು ಉದುರಿ ಸಾಯುತ್ತಿದ್ದವು. ಬ್ರಾಂಕ್ಸ್ ಮೃಗಾಲಯದಲ್ಲಿ ರೋಗಶಾಸ್ತ್ರಜ್ಞೆಯಾಗಿದ್ದ ಟ್ರೇಸಿ ಮ್ಯಾಕ್‌ನಮಾರಾ ಎಂಬ ಹೆಂಗಸು ಸತ್ತ ಕಾಗೆಗಳನ್ನೂ, ಆಮೇಲೆ ಮೃಗಾಲಯದಲ್ಲೇ ಸತ್ತ ಫ್ಲೆಮಿಂಗೊ ಹಕ್ಕಿಗಳನ್ನೂ ಕೊಯ್ದು ನೋಡಿದರು. ಮೆದುಳಿನಲ್ಲಿ ರಕ್ತಸ್ರಾವ, ಉರಿಯೂತ. ಸೇಂಟ್ ಲೂಯಿ ಜ್ವರ ಹಕ್ಕಿಗಳನ್ನು ಹೀಗೆ ಕೊಲ್ಲುವುದಿಲ್ಲ. ಮನುಷ್ಯರಿಗೂ ಹಕ್ಕಿಗೂ ಬಂದದ್ದು ಒಂದೇ ಇರಬೇಕು, ಹಾಗಿದ್ದರೆ ಜನರ ರೋಗಕ್ಕೆ ಇಟ್ಟ ಹೆಸರೇ ತಪ್ಪಿರಬೇಕು ಎಂದು ಆಕೆ ಪಟ್ಟು ಹಿಡಿದರು. ಮೃಗಾಲಯದ ವೈದ್ಯೆಯ ಮಾತು ಮೊದಮೊದಲು ಯಾರಿಗೆ ಬೇಕು? ಆಕೆ ಬಿಡಲಿಲ್ಲ, ಬೇರೆ ಬೇರೆ ಪ್ರಯೋಗಾಲಯಗಳಿಗೆ ಮಾದರಿ ಕಳಿಸಿದರು. ಕೊನೆಗೆ ಅದು ವೆಸ್ಟ್ ನೈಲ್ ವೈರಸ್ ಎಂದು ತಿಳಿಯಿತು. 1937ರಲ್ಲಿ ಆಫ್ರಿಕಾದ ಉಗಾಂಡದಲ್ಲಿ ಮೊದಲು ಕಂಡಿದ್ದು, ಅಮೆರಿಕಕ್ಕೆ ಹೊಸದು. ಆ ವರ್ಷ ಏಳು ಜನ ಸತ್ತಿದ್ದರು. ನಮ್ಮಲ್ಲಿ ಕಾಗೆ ಅಂಗಳದಲ್ಲಿ ಸತ್ತುಬಿದ್ದರೆ ತಲೆಗೆ ನೀರು ಹಾಕಿಕೊಂಡು ಜೋಯಿಸರ ಮನೆಗೆ ಓಡುತ್ತೇವೆ, ಆಕೆ ಯಾಕೆ ಸತ್ತಿತು ಎಂದು ಕೇಳಿದಳು.

"ನಾನೂ ಪೆಥಾಲಜಿನೇ ತಗೋತೀನಿ" ಎಂದು ಮಗಳು ಆ ರಾತ್ರಿಯೇ ಫೋನು ಮಾಡಿದ್ದಳು. ಅದರಿಂದಾಗಿ ಒಂದೆರಡು ಒಳ್ಳೆಯ ಸಂಬಂಧಗಳು ಮಾತುಕತೆಯ ಹಂತದಲ್ಲೇ ತಪ್ಪಿಹೋದ ಕತೆಯನ್ನು ಇಲ್ಲಿ ಹೇಳಿ ಪ್ರಯೋಜನವಿಲ್ಲ. ತಪ್ಪಿಹೋದದ್ದೇ ಒಳ್ಳೆಯದಾಯಿತು.

ಇನ್ನು ನಾನು ಹೇಳಬೇಕಾದ್ದು ನಮ್ಮ ಮನೆಯ ಮಾತು. ನಮ್ಮಲ್ಲಿ ಹಿರಿಯ ಜೀವಗಳು ಎರಡು: ನಮ್ಮ ಅತ್ತೆ, ಮತ್ತು ಅವರ ಓರಗಿತ್ತಿ, ಅಂದರೆ ನನ್ನ ಚಿಕ್ಕತ್ತೆ. ಮಾವ, ಚಿಕ್ಕಮಾವ ಇಬ್ಬರೂ ತೀರಿಕೊಂಡ ಮೇಲೆ ಚನ್ನರಾಯಪಟ್ಟಣದ ಕಡೆಯ ಹಳ್ಳಿಮನೆಗೆ ಬೀಗ ಹಾಕಿ ಇಬ್ಬರನ್ನೂ ಹಾಸನಕ್ಕೆ ಕರೆತಂದಿದ್ದೆವು. ಚಿಕ್ಕತ್ತೆಗೆ ಮಕ್ಕಳಿಲ್ಲ. ಮಾತೂ ಕಡಿಮೆ. ಹೂ ಕಟ್ಟುವುದು, ಕಾಳು ಬಿಡಿಸುವುದು, ಬತ್ತಿ ಹೊಸೆಯುವುದು, ಹೀಗೆ ಕೂತಲ್ಲೇ ಮಾಡುವ ಕೆಲಸವೆಲ್ಲ ಅವರದು. ಮನೆಯಲ್ಲಿ ಸೀಮಂತ, ಬಾಣಂತನ ಎಂದರೆ ಅವರು ತಾವಾಗಿ ಹಿಂದಿನ ಕೋಣೆಗೆ ಸರಿದುಬಿಡುತ್ತಿದ್ದರು. 1990ರಲ್ಲಿ ನನ್ನ ಮಗಳು ಹುಟ್ಟಿದಾಗಲೂ ನಾಮಕರಣ ಮುಗಿಯುವ ತನಕ ಮಗುವನ್ನು ನೋಡಲು ಒಳಗೆ ಬರಲಿಲ್ಲ. ಹೊಸಿಲಾಚೆ ನಿಂತು, "ಚೆನ್ನಾಗಿದೆ" ಎಂದು ಬಾಯಿಬಿಟ್ಟು ಹೇಳದೆ, ನಕ್ಕು ಹೋದರು. ಯಾಕೆಂದು ಕೇಳಿದ್ದಕ್ಕೆ ನನ್ನ ಗಂಡ, "ಅದೇನೋ ಹಳೇ ಕತೆ, ಗೌರಿ ಹಸುವಿನದು, ಬಿಡು" ಎಂದಿದ್ದರು.

2011ರ ಜುಲೈನಲ್ಲಿ ಮಗಳು ರಜೆಗೆ ಬಂದವಳೇ, "ಅಜ್ಜೀ, ದೊಡ್ಡರೋಗ ಪ್ರಪಂಚದಲ್ಲೇ ಇಲ್ಲ ಅಂತ ಡಿಕ್ಲೇರ್ ಮಾಡಿದ್ರು!" ಎಂದು ಕುಣಿದಾಡಿದಳು. ಆ ವರ್ಷದ ಜೂನಿನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯವರು ರೋಮಿನಲ್ಲಿ ಸಾರಿದ್ದರು. ಸಿಡುಬಿನ ನಂತರ ಮನುಷ್ಯ ಪೂರ್ತಿಯಾಗಿ ತೊಡೆದುಹಾಕಿದ ಎರಡನೆಯ ರೋಗ ಅದು. ನಮ್ಮ ದೇಶದಲ್ಲಿ ಕೊನೆಯ ಬಾರಿ ಕಂಡದ್ದು 1995ರಲ್ಲಿ. ಕ್ಲಬ್ಬಿನವರು ದಂಡದ ದುಡ್ಡಿನಲ್ಲಿ ಮೈಸೂರುಪಾಕು ತಂದು ಹಂಚಿದರಂತೆ. ಇನ್ನು ಮೇಲೆ ಆ ರೋಗವನ್ನು ಹಳೆಯ ಸ್ಲೈಡಿನಲ್ಲಿ ಮಾತ್ರ ನೋಡಬೇಕು.

ಅತ್ತೆಯವರಿಗೆ ನಂಬಿಕೆ ಬರಲಿಲ್ಲ. "ಮಾರಮ್ಮ ಹೋಗ್ತಾಳಾ ಎಲ್ಲಾದರೂ?" ಎಂದರು. ಆದರೂ ಮಾತಿಗೆ ಕೂತರು. ತಮ್ಮ ತೌರಿನಲ್ಲಿ ಒಂದೇ ವಾರದಲ್ಲಿ ಕೊಟ್ಟಿಗೆ ಬರಿದಾದದ್ದು, ಜನ ಊರ ಬಾಗಿಲಿಗೆ ಬೇವು ಕಟ್ಟಿದ್ದು, ಒಂದೊಂದೂ ಹೇಳಿದರು. ಹೇಳುತ್ತ ಹೇಳುತ್ತ, "ಹಾಗೆ ಉಳಿದ ತಳಿಯಲ್ಲೇ ನನಗೆ ಬಳುವಳಿ ಕೊಟ್ಟಿದ್ದು ಗೌರೀನ. ಅವಳಿಗೆ ರೋಗವೂ ಇಲ್ಲ ರುಜಿನವೂ ಇಲ್ಲ, ಸುಮ್ಮನೆ ಕಣ್ಣು ತಾಗಿ ಹೋದಳು" ಎಂದರು.

ಚಿಕ್ಕತ್ತೆ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

ಮಗಳು ಸುಮ್ಮನಿರುತ್ತಾಳೆಯೇ? "ಅಜ್ಜೀ, ಯಾಕೆ ಹೋಯಿತು ಅಂತ ಆಮೇಲೆ. ಏನೇನು ಕಂಡಿತು ಅದನ್ನ ಮೊದಲು ಹೇಳಿ" ಎಂದಳು. ಕ್ಲಬ್ಬಿನ ಕಟ್ಟಳೆಯನ್ನು ನಮ್ಮ ಹಜಾರಕ್ಕೇ ತಂದಿದ್ದಳು.

ಅತ್ತೆ ಹೇಳಿದರು. 1970ನೇ ಇಸವಿ, ನನ್ನ ಗಂಡನಿಗೆ ಆಗ ಆರು ವರ್ಷ. ಗೌರಿಗೆ ಎರಡನೆಯ ಕರು. ಕರು ಹಾಕಿದ ಮಾರನೆಯ ಬೆಳಿಗ್ಗೆ ಚಿಕ್ಕತ್ತೆ ಕೊಟ್ಟಿಗೆಗೆ ಹೋಗಿ ಕರುವಿನ ಮೈ ಸವರಿ, "ಎಷ್ಟು ಮುದ್ದಾಗಿದೆ" ಎಂದರು. ಮದುವೆಯಾಗಿ ನಾಲ್ಕು ವರ್ಷವಾಗಿ ಮಡಿಲು ತುಂಬದ ಹೆಂಗಸು. ಅದಾದ ನಾಲ್ಕನೆಯ ದಿನದಿಂದ ಗೌರಿ ಮೇವು ಬಿಟ್ಟಿತು. ಹಾಲು ಇಳಿಯಿತು. ಬೆನ್ನು ಬಿಲ್ಲಿನ ಹಾಗೆ ಮೇಲೆತ್ತಿ ನಿಲ್ಲುತ್ತಿತ್ತು. ಮುಂಗಾಲಿನ ಮೊಣಕೈ ಹೊರಗೆ ಚಾಚಿಕೊಂಡು, ಮಲಗುವುದಕ್ಕೆ ಒಲ್ಲದು. ಕೆರೆ ಏರಿ ಇಳಿಯಬೇಕಾದರೆ ನರಳುವುದು. ಹತ್ತು ಹದಿನೈದು ದಿನಕ್ಕೆ ಗಂಗೆದೊಗಲಿನ ಬುಡದಲ್ಲಿ, ಎದೆಯ ಕೆಳಗೆ ಬಾವು, ನೀರು ತುಂಬಿದ ಚರ್ಮದ ಚೀಲದ ಹಾಗೆ. ಕತ್ತಿನ ನರ ಹಗ್ಗದಷ್ಟು ದಪ್ಪ ಉಬ್ಬಿತ್ತು. ಮಂತ್ರ ಹಾಕಿಸಿದರು, ಬರೆ ಹಾಕಿಸಿದರು, ತಡೆ ಒಡೆಸಿದರು. ಮೂರನೆಯ ವಾರ ನಿಂತಲ್ಲಿಂದ ಕುಸಿದು ಸತ್ತಿತು.

ಹೇಳುತ್ತ ಅತ್ತೆಯ ಕಣ್ಣಲ್ಲಿ ನೀರು. ನಲವತ್ತು ವರ್ಷವಾದರೂ ತೌರಿನ ಹಸು ತೌರಿನ ಹಸುವೇ.

ಮಗಳ ಮುಖ ನೋಡಿದೆ. ಹೆಸರು ನಾಲಿಗೆಯ ತುದಿಗೆ ಬಂದಿದೆ, ಐದು ರೂಪಾಯಿ ದಂಡಕ್ಕೆ ಹೆದರಿದವಳ ಹಾಗೆ ತುಟಿ ಕಚ್ಚಿಕೊಂಡಿದ್ದಾಳೆ. ಕೊನೆಗೆ, "ಕಣ್ಣಲ್ಲ ಅಜ್ಜಿ. ತಂತಿಯೋ ಮೊಳೆಯೋ ನುಂಗಿರಬೇಕು, ಅದು ಹೃದಯಕ್ಕೆ ಚುಚ್ಚಿರಬೇಕು. ನೀವು ಹೇಳಿದ್ದೆಲ್ಲ ಅದಕ್ಕೇ ಹೊಂದುತ್ತೆ. ಆದರೆ ಒಳಗೆ ನೋಡದೆ ಖಚಿತವಾಗಿ ಹೇಳೋ ಹಾಗಿಲ್ಲ" ಎಂದಳು.

"ನೋಡಿದ್ದ" ಎಂದರು ಚಿಕ್ಕತ್ತೆ.

ನಾವು ಮೂವರೂ ತಿರುಗಿದೆವು. ಅವರ ಕೈ ಅವರೆಕಾಯಿ ಸುಲಿಯುತ್ತಲೇ ಇತ್ತು.

"ಸತ್ತ ದನ ಎತ್ತಿಕೊಂಡು ಹೋಗಕ್ಕೆ ಕೇರಿಯಿಂದ ಬರ್ತಿದ್ದನಲ್ಲ, ಅವನು. ಮಾರನೆ ದಿನ ಹಿತ್ತಲ ಬೇಲಿ ಹತ್ರ ನಿಂತು ಕರೆದ. ಚರ್ಮ ಸುಲಿದು ಕುಯ್ದಾಗ ನೋಡ್ದೆ ಅವ್ವಾರೆ, ಗುಂಡಿಗೆ ಸುತ್ತ ಒಡೆದ ಹಾಲು ಕಟ್ಟಿದಂಗೆ ಬಿಳೀದು ಕಟ್ಟಿತ್ತು, ಕೆಟ್ಟ ವಾಸನೆ, ನಡುವೆ ಬೆರಳುದ್ದ ತಂತಿ ಇತ್ತು, ದೊಡ್ಡವ್ವಾರಿಗೆ ಹೇಳಿ ಅಂದ. ಆ ವರ್ಷ ಕೊಟ್ಟಿಗೆ ಮಾಡಿಗೆ ಹೊಸ ಗಳ ಹಾಕಿಸಿ ತಂತಿಯಲ್ಲೇ ಕಟ್ಟಿಸಿದ್ರಲ್ಲ."

"ಮತ್ತೆ ನೀನು ಹೇಳಲಿಲ್ಲವಲ್ಲೇ!" ಎಂದರು ಅತ್ತೆ.

"ಹೇಳಿದರೆ ಕೇಳೋರು ಯಾರು ಅಕ್ಕ? ಅವನು ಅಂಗಳಕ್ಕೆ ಕಾಲಿಡೋ ಹಾಗಿರಲಿಲ್ಲ. ನಾನು ಕೊಟ್ಟಿಗೆಗೆ ಕಾಲಿಡೋ ಹಾಗಿರಲಿಲ್ಲ."

ಮಗಳು ಎದ್ದುಹೋಗಿ ತನ್ನ ನೋಟುಪುಸ್ತಕ ತಂದಳು. "ಚಿಕ್ಕಜ್ಜೀ, ಅವನು ಹೇಳಿದ್ದು ಇನ್ನೊಂದು ಸಲ ಹೇಳಿ. ಒಡೆದ ಹಾಲು ಅಂದನಾ?" ಎಂದು ಅವರ ಪಕ್ಕದಲ್ಲಿ ನೆಲದ ಮೇಲೇ ಕೂತಳು. ಒಂದೊಂದೇ ಮಾತನ್ನು ಅವರು ಹೇಳಿದ ಹಾಗೆಯೇ ಬರೆದುಕೊಂಡಳು. ಬರೆದು ಮುಗಿಸಿ ನನ್ನ ಕಡೆ ತಿರುಗಿ, "ಬ್ರೆಡ್ ಅಂಡ್ ಬಟರ್‌ಗಿಂತ ಇದೇ ಸರಿಯಾಗಿದೆ ಅಮ್ಮ. ಕೀವೂ ಸೇರಿದ್ರೆ ಹೀಗೇ ಕಾಣೋದು" ಎಂದಳು. ಜಾಗ, ಬಣ್ಣ, ವಾಸನೆ, ಅಳತೆ. ಅವನು ಒಂದನ್ನೂ ಬಿಟ್ಟಿರಲಿಲ್ಲ. ಎಷ್ಟು ದನದ ಒಳಗನ್ನು ಕಂಡಿದ್ದನೋ ಆ ಮನುಷ್ಯ! ಊರಿನ ಯಾವ ಮಂತ್ರವಾದಿಗೂ ಇಲ್ಲದ ವಿದ್ಯೆ ಅವನಲ್ಲಿತ್ತು, ಬೇಲಿಯಿಂದಾಚೆ ನಿಂತುಕೊಂಡೇ ಹೋಯಿತು.

ಚಿಕ್ಕತ್ತೆ ಮಗಳನ್ನು ಕೇಳಿದ್ದು ಒಂದೇ. "ತುಂಬಾ ನೋವಾಗಿರತ್ತೇನೇ ಅದಕ್ಕೆ?"

"ಆಗಿರತ್ತೆ ಚಿಕ್ಕಜ್ಜಿ."

"ಹೂಂ. ಅದಕ್ಕೇ ಮಲಗ್ತಿರಲಿಲ್ಲ."

ಅತ್ತೆಯವರು, "ಆಗ ಇದೆಲ್ಲ ಯಾರಿಗೆ ಗೊತ್ತಿತ್ತು" ಎಂದು ಗೊಣಗಿ ಎದ್ದುಹೋಗಿ ಟೀವಿ ಹಾಕಿದರು. ಅಪ್ಪಿಕೊಂಡು ಅಳುವುದು, ಕ್ಷಮೆ ಕೇಳುವುದು ಇವೆಲ್ಲ ಧಾರಾವಾಹಿಯಲ್ಲಿ ನಡೆಯುತ್ತವೆ, ನಮ್ಮ ಮನೆಗಳಲ್ಲಲ್ಲ. ಆದರೆ ಆ ವರ್ಷದ ಕೊನೆಗೆ ನನ್ನ ನಾದಿನಿಯ ಮಗಳ ಸೀಮಂತ ನಮ್ಮ ಮನೆಯಲ್ಲೇ ನಡೆದಾಗ, ಆರತಿ ತಟ್ಟೆಯ ಇನ್ನೊಂದು ಬದಿ ಹಿಡಿಯಲು ಯಾರು ಎಂಬ ಮಾತು ಬಂತು. ಅತ್ತೆ ಹಿಂದಿನ ಕೋಣೆಯ ಕಡೆಗೆ ತಿರುಗಿ, "ಏನೇ ಅಲ್ಲಿ ಕೂತು ಮಾಡ್ತಿದ್ದೀಯಾ, ಬಾ ಇಲ್ಲಿ" ಎಂದು ಗದರಿಸಿದರು. ಚಿಕ್ಕತ್ತೆ ಗಂಡ ಸತ್ತವರು ಬೇರೆ. ಬಂದ ಹೆಂಗಸರಲ್ಲಿ ಕೆಲವರು ಹುಬ್ಬೇರಿಸಿದರು. ಅತ್ತೆಯವರೂ ಗಂಡ ಸತ್ತವರೇ ಅಲ್ಲವೇ, ಏರಿಸಿದ ಹುಬ್ಬನ್ನು ಹಾಗೇ ಇಳಿಸಿಕೊಂಡರು.

ಆಮೇಲೆ ಆದ ಒಂದು ತಮಾಷೆಯೆಂದರೆ, ಶನಿವಾರ ರಾತ್ರಿ ಮಗಳ ಫೋನು ಬಂತೆಂದರೆ ಮೊದಲು ಚಿಕ್ಕತ್ತೆಗೆ ಕೊಡಬೇಕು. ನನ್ನ ಸರದಿ ಆಮೇಲೆ. "ಈ ವಾರ ಏನು ಸತ್ತಿತ್ತೇ?" ಎಂದು ಅವರ ಮೊದಲ ಪ್ರಶ್ನೆ. ಕೊಕ್ಕರೆ ರೋಗದ ಕೋಳಿ, ಹುಳು ತುಂಬಿದ ಕುರಿಯ ಶ್ವಾಸಕೋಶ, ಎಲ್ಲವನ್ನೂ ಬಣ್ಣ ಸಮೇತ ಕೇಳಿ ತಿಳಿದುಕೊಳ್ಳುತ್ತಿದ್ದರು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಸರ್ಕಾರ ಘೋಷಿಸಿದ ಸುದ್ದಿ ಪೇಪರಿನಲ್ಲಿ ಬಂತು. ನಾನು ಓದಿ ಹೇಳಿದೆ. ಆ ಶನಿವಾರ ಅವರು ಮಗಳಿಗೆ ಹೇಳಿದರು: "ನಮ್ಮೂರಲ್ಲಿ ದನ ಸತ್ತರೆ ಗಳಿಗೆಯಲ್ಲಿ ಹದ್ದು ಕವಿಯೋವು. ಈಗ ಒಂದೂ ಇಲ್ಲ. ಅವು ಯಾಕೆ ಸತ್ತವು ಅಂತ ನಿಮ್ಮ ಕ್ಲಬ್ಬಿನಲ್ಲಿ ಕೇಳಿ ಹೇಳು."

ಕೇಳುವ ಅಗತ್ಯವಿರಲಿಲ್ಲ, ಮಗಳಿಗೆ ಗೊತ್ತಿತ್ತು. ಸತ್ತ ಹದ್ದುಗಳನ್ನು ಕೊಯ್ದು ನೋಡಿದಾಗ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಇತ್ತಂತೆ. ಮೂತ್ರಪಿಂಡ ಕೆಟ್ಟು ಹಾಗಾದದ್ದು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿದವರು 2004ರಲ್ಲಿ ಕಾರಣ ಪ್ರಕಟಿಸಿದರು: ಡೈಕ್ಲೋಫೆನಾಕ್. ದನಗಳಿಗೆ ಕೊಡುತ್ತಿದ್ದ ಒಂದು ಔಷಧಿ. ಅದನ್ನು ಕೊಟ್ಟ ದನ ಬೇಗ ಸತ್ತು, ಆ ಹೆಣವನ್ನು ಹದ್ದು ತಿಂದರೆ ಹದ್ದಿಗೆ ವಿಷ. 2006ರಲ್ಲಿ ನಮ್ಮ ದೇಶದಲ್ಲಿ ದನಗಳ ಮಟ್ಟಿಗೆ ಅದನ್ನು ನಿಷೇಧಿಸಿದರು.

"ಯಾತಕ್ಕೆ ಕೊಡ್ತಿದ್ರು ಆ ಔಷಧಿ?" ಎಂದರು ಚಿಕ್ಕತ್ತೆ.

"ನೋವಿಗೆ, ಚಿಕ್ಕಜ್ಜಿ."

ಫ್ಯಾನಿನ ಗಾಳಿಗೆ ಹಾರುತ್ತಿದ್ದ ಬತ್ತಿಗಳನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಈಗ ನೋವಾದರೆ ಬೇರೆ ಏನು ಕೊಡ್ತಾರೆ?" ಎಂದು ಕೇಳಿದರು. ಮಗಳು ಅದಕ್ಕೂ ಉತ್ತರ ಹೇಳತೊಡಗಿದಳು. ನನ್ನ ಸರದಿ ಬರುವಷ್ಟರಲ್ಲಿ ಅವಳ ಫೋನಿನ ದುಡ್ಡು ಮುಗಿದಿತ್ತು.